ನೀಲಕ್ಕ ನಿದ್ದೆಹೋದ ದಿನ

ನನ್ನ ಗಂಟಲಿನ ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅನುಮಾನ ಪಡುವ ಹಾಗಿಲ್ಲ. ನಮ್ಮೂರ ಮೆಣಸಿನಕಾಯಿ ಪೇಟೆಯಲ್ಲಿ ಹರಾಜು ಕೂಗುತ್ತಿದ್ದವನು ನಾನು, ಫಕೀರಪ್ಪ. ನಾನು ಕಟ್ಟೆ ಹತ್ತಿ 'ಒಂದನೇ ಸಲ' ಅಂದರೆ ಹೊಳೆಯಾಚೆಯ ಊರಿನಲ್ಲಿ ತೊಟ್ಟಿಲ ಕೂಸು ಎದ್ದು ಕೂರುತ್ತಿತ್ತು. 'ಎರಡನೇ ಸಲ' ಅಂದರೆ ಮೇಲೆ ಹಾರುವ ಗಿಳಿವಿಂಡು ದಿಕ್ಕು ಬದಲಿಸುತ್ತಿತ್ತು. 'ಮೂರನೇ ಸಲ' ಎಂಬುದನ್ನು ಮಾತ್ರ ಮೆಲ್ಲಗೆ ಅನ್ನುತ್ತಿದ್ದೆ. ಊರಿನ ಹೆಂಚುಗಳ ಮೇಲೆ ನನಗೂ ಕನಿಕರವಿದೆ. ನಮ್ಮೂರು ಯಾವ ಸೀಮೆ, ಯಾವ ದಾರಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೆಣಸಿನ ಘಾಟು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಸೀನುತ್ತಾ ಬನ್ನಿ. ಸೀನು ನಿಂತಿತೋ, ಊರು ದಾಟಿ ಹೋದಿರಿ ಅಂತ ಅರ್ಥ.

ಇಂಥ ಊರಿಗೆ ನನ್ನ ಗಂಟಲಿನಷ್ಟೇ ಹೆಸರು ತಂದುಕೊಟ್ಟದ್ದು ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆ. ಬೇರೆ ಊರುಗಳಲ್ಲಿ ಎದೆಯ ಚಿತ್ರ ತೆಗೆಯುವಾಗ ಗಾಜಿನ ಹಿಂದೆ ನಿಂತವರು 'ಉಸಿರು ಎಳೀರಿ, ಹಿಡೀರಿ' ಅನ್ನುತ್ತಾರೆ. ಜನ ಅರ್ಧ ಹಿಡಿದು ಅರ್ಧ ಬಿಡುತ್ತಾರೆ. ಚಿತ್ರ ಅಲುಗಾಡಿ ಮಜ್ಜಿಗೆಯಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಗಾಜಿನ ಹಿಂದಿನವರು 'ಹಿಡೀರಿ' ಅಂದರೆ ಹಿಡಿದದ್ದೇ. ಅದೇ ಗಂಟಲು 'ಬಿಡ್ರಿ' ಅನ್ನುವ ತನಕ ಆ ಉಸಿರು ಕದಲುವುದಿಲ್ಲ. ನೀವು ಬೇಕಾದರೆ ನಡೆಯಿರಿ, ಕಟ್ಟಿಗೆ ಒಡೆಯಿರಿ, ತಾಳಿ ಕಟ್ಟಿ. ಹಸಿವಿಲ್ಲ, ನೀರಡಿಕೆಯಿಲ್ಲ, ಮಾತೂ ಇಲ್ಲ. ಎದೆ ಮಾತ್ರ ತುಂಬಿದ ಚೀಲದ ಹಾಗೆ ಮುಂದೆ. ಮೊದಲು ಆ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಅವರಲ್ಲಿ ಶಿವಯೋಗಿ ಎಂಬ ಹುಡುಗ ಒಂದು ದಿನ ಕೆಲಸ ಸಾಕಾಗಿ, ಒಬ್ಬ ತಹಶೀಲ್ದಾರರಿಗೆ 'ಹಿಡೀರಿ' ಅಂದವನು 'ಬಿಡ್ರಿ' ಅನ್ನದೆ ನೆಟ್ಟಗೆ ಹೊರಗೆ ನಡೆದು ಬಸ್ಸು ಹತ್ತಿಬಿಟ್ಟ. ಇಡೀ ಕಚೇರಿ ಬಸ್ಸಿನ ಹಿಂದೆ ಓಡಿತು. ಮೂರನೆಯ ಊರಿನಲ್ಲಿ ಬಸ್ಸು ಸಿಕ್ಕಾಗ, ಅವನು ಕಿಟಕಿಯಿಂದ ತಲೆ ಹೊರಹಾಕಿ ಒಂದು 'ಬಿಡ್ರಿ' ಒಗೆದು ಕಿಟಕಿ ಮುಚ್ಚಿಕೊಂಡ. ಆಮೇಲೆ ಜೇನು ಸಾಕುತ್ತಾ ಕೂತನಂತೆ. 'ಹುಳಕ್ಕ ಯಾರೂ ಉಸಿರು ಹಿಡೀರಿ ಅನ್ನಬೇಕಾಗಿಲ್ಲ' ಅಂದನಂತೆ. ಇನ್ನಿಬ್ಬರೂ ಹೀಗೇ ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದವರು ನೀಲಾಂಬಿಕಾ ಒಬ್ಬರೇ. ಊರಿಗೆಲ್ಲ ನೀಲಕ್ಕ.

ಚಿತ್ರ ಗಾಜಿನಷ್ಟು ಸ್ವಚ್ಛ ಬರುತ್ತದೆಂಬ ಸುದ್ದಿ ಹಬ್ಬಿ ಸುತ್ತಲ ಸೀಮೆಯ ಕೆಮ್ಮು, ಸುತ್ತಲ ಸೀಮೆಯ ಮುರಿದ ಮೂಳೆ ಎಲ್ಲ ನಮ್ಮೂರಿನ ದಾರಿ ಹಿಡಿದವು. ಅಷ್ಟಾದರೆ ಬೇರೆ ಮಾತು. ನಮ್ಮ ಜನ ಕಡಿಮೆ ಇಲ್ಲ ನೋಡಿ. ಬಾವಿಗೆ ಕೊಡ ಬಿದ್ದರೆ ಮುಳುಗಿ ತೆಗೆಯುವವನು ಮೊದಲು ಎಕ್ಸ್‌ರೇ ಕೋಣೆಗೆ ಬರುತ್ತಿದ್ದ: 'ಎದ್ಯಾಗ ಏನೋ ಹಿಡದಂಗಾಗೇತ್ರಿ ಅಕ್ಕಾರ, ಒಂದ್ ಚಿತ್ರ ತಗೀರಿ, ಬಿಡ್ರಿ ಅನ್ನೂದ್ನ ಮಾತ್ರ ಮಧ್ಯಾಹ್ನಕ್ಕ ಅನ್ರಿ.' ಮೆಣಸಿನಕಾಯಿ ಹುರಿಯುವ ಹೆಂಗಸರು ಘಾಟಿಗೆ ಹೆದರಿ ಬರುತ್ತಿದ್ದರು. ಮದುಮಗ ಫೋಟೋದಲ್ಲಿ ಎದೆ ಉಬ್ಬಿ ಕಾಣಲಿ ಅಂತ ಬಾಸಿಂಗ ಕಟ್ಟಿಕೊಂಡೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದ. ಅತ್ತೆಯನ್ನು ಕರೆತರುವ ಸೊಸೆಯರ ಸಂಗತಿ ನಾನು ಹೇಳುವುದಿಲ್ಲ, ನನಗೂ ಮನೆಯಲ್ಲಿ ಹೆಂಗಸರಿದ್ದಾರೆ. ನೀಲಕ್ಕ ಯಾರಿಗೂ ಇಲ್ಲ ಅಂದವರಲ್ಲ. ಬಾಗಿಲಿನಿಂದ ಶುರುವಾದ ಸಾಲು ಆಸ್ಪತ್ರೆ ದಾಟಿ, ಪೇಟೆ ದಾಟಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿತ್ತು ಅಂದರೆ ನಂಬಿ.

ಅವರು ತೆಗೆದ ಚಿತ್ರಗಳನ್ನೆಲ್ಲ ಓದುವವರು ಡಾಕ್ಟರ್ ಪಂಪಾಪತಿ. ಪಕ್ಕದ ಕತ್ತಲು ಕೋಣೆಯಲ್ಲಿ, ದಪ್ಪ ಬಾಗಿಲು ಹಾಕಿಕೊಂಡು, ಬೆಳಗುವ ಪರದೆಯ ಮುಂದೆ ಅವರ ಬದುಕು. ಒಂದು ಚಿತ್ರ ಓದುವುದರೊಳಗೆ ಹತ್ತು ಬಂದು ಬೀಳುತ್ತಿದ್ದವು. ಓದಿ ಓದಿ ಅವರಿಗೆ ಬೀದಿಯಲ್ಲಿ ಓಡಾಡುವ ಜನ ಬರೀ ಎಲುಬಿನ ಗೂಡುಗಳಾಗಿ ಕಾಣತೊಡಗಿದರು. ನನಗೆ ಎದುರು ಸಿಕ್ಕಾಗ ಮುಖ ನೋಡದೆ ಎದೆ ನೋಡಿ 'ಓ, ಫಕೀರಪ್ಪ' ಅನ್ನುತ್ತಿದ್ದರು. ಮಗಳನ್ನು ನೋಡಲು ಬಂದ ವರನಿಗೆ 'ಎಡಗಡೆ ಪಕ್ಕೆಲುಬು ಹಳೇ ಮುರಿತ, ಜೋಡಿಸಿದ್ದು ಸರಿಯಾಗಿಲ್ಲ' ಅಂದು ಕೂಡಿಬಂದ ಸಂಬಂಧ ಕಳೆದುಕೊಂಡರು.

ಈಗ ನನ್ನ ಕೆಮ್ಮಿಗೆ ಬರೋಣ. ಮೆಣಸಿನ ಧೂಳಿನಲ್ಲಿ ಬೆಳೆದವನಿಗೆ ಕೆಮ್ಮು ಹೊಸದೇನಲ್ಲ. ಆದರೆ ಈ ಕೆಮ್ಮು ನನ್ನ ಯೋಗ್ಯತೆಗೆ ತಕ್ಕ ಕೆಮ್ಮು. ಕೆಮ್ಮಿದರೆ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ನನ್ನ ಹೆಂಡತಿ ದ್ಯಾಮವ್ವ ಎಷ್ಟು ಸಲ ಹೇಳಿದರೂ 'ಇದು ಗಂಟಲು ಮಸಿಯೂದು, ಚೂರಿ ಮಸದಂಗ' ಅಂತ ನಾನು ತೇಲಿಸುತ್ತಿದ್ದೆ. ಅಷ್ಟರಲ್ಲಿ ಮೆಣಸಿನ ಕೊಯ್ಲಿನ ಹಂಗಾಮು ಬಂತು. ನಮ್ಮ ಪೇಟೆಯ ರಿವಾಜು ಏನೆಂದರೆ, ಹಂಗಾಮಿನ ಮೊದಲ ಹರಾಜನ್ನು ಯಾರು ಕೂಗುತ್ತಾರೋ ವರ್ಷವಿಡೀ ಕಟ್ಟೆ ಅವರದು. ನಮ್ಮಪ್ಪ ಕೂಗಿದ ಕಟ್ಟೆ, ನಾನು ಕೂಗಿದ ಕಟ್ಟೆ. ಪಕ್ಕದಲ್ಲಿ ಕೊಟ್ರಪ್ಪ ಎಂಬವನು ಕಾದು ಕೂತಿದ್ದ. ಗಂಟಲು ಇಲಿಯದು, ಆಸೆ ಆನೆಯದು. ಆ ಮಧ್ಯಾಹ್ನ ಮೊದಲ ಹರಾಜು ಅನ್ನುವ ದಿನ ಮುಂಜಾನೆ ದ್ಯಾಮವ್ವ ಒಲೆ ಹಚ್ಚದೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಎದಿ ತೋರಿಸಿಕೊಂಡು ಬರೂತನಾ ಈ ಮನ್ಯಾಗ ರೊಟ್ಟಿ ಬಡಿಯಂಗಿಲ್ಲ. ನೀಲಕ್ಕಾರು ಮೊದಲು ನಿನ್ನ ಕರೀತಾರ. ಹೋಗಿ ಬಾ."

"ಮೊದಲು ನನ್ನ ಯಾಕ ಕರೀತಾರ?"

"ದೊಡ್ಡ ಮನುಷ್ಯಾ ಅಲ್ಲೇನ ನೀ?" ಅಂದಳು. ನಾನು ಹೌದೆಂದು ನಂಬಿ ಹೊರಟೆ.

ನಿಜಕ್ಕೂ ಮೊದಲು ನನ್ನನ್ನೇ ಕರೆದರು. ಸಾಲಿನಲ್ಲಿ ನಿಂತವರ ಕಣ್ಣು ಬೆನ್ನಿಗೆ ಚುಚ್ಚುತ್ತಿದ್ದರೂ ನಾನು ಮೀಸೆ ತಿರುವುತ್ತಾ ಒಳಗೆ ಹೋದೆ. ನೀಲಕ್ಕ ಎಕ್ಸ್‌ರೇ ಕಿರಣ ತಡೆಯುವ ಸೀಸದ ಅಂಗಿ ತೊಟ್ಟು ನಿಂತಿದ್ದರು. ನಾನು ಎಂದಿನ ಹಾಗೆ ಶುರುಮಾಡಿದೆ.

"ಏನ್ರೀ ಅಕ್ಕಾರ, ನನ್ನ ಎದಿ ನಿಮ್ಮ ಚಿತ್ರದ ಒಂದ ತಟ್ಟಿಯೊಳಗ ಹಿಡೀತೈತೇನ್ರಿ? ಎರಡು ಜೋಡಿಸೂದು ಚಲೋ ಅನಸ್ತೈತಿ."

ಹಿಂದೆಲ್ಲ ಹೀಗೆ ಅಂದರೆ 'ಎದಿ ಸಣ್ಣದ ಐತ್ರಿ ಫಕೀರಪ್ಪನವರ, ಅದರಾಗಿನ ಗಾಳಿ ದೊಡ್ಡದು' ಅಂತ ತಿರುಗಿ ಹೊಡೆಯುತ್ತಿದ್ದವರು. ಅವತ್ತು ನಗಲಿಲ್ಲ. ನನ್ನ ಮಾತು ಅವರ ತನಕ ತಲುಪಿದ ಹಾಗೆಯೂ ಕಾಣಲಿಲ್ಲ. "ಗದ್ದ ಮ್ಯಾಲ ಇಡ್ರಿ. ಭುಜ ಮುಂದ ತರ್ರಿ" ಅಂದರು. ಧ್ವನಿ ಬಿಸಿಲಲ್ಲಿ ಒಣಗಿದ ಬಟ್ಟೆಯ ಹಾಗಿತ್ತು. ಗಾಜಿನ ಹಿಂದೆ ಹೋದರು.

"ಉಸಿರು ಎಳೀರಿ. ಇನ್ನೂ. ಹಿಡೀರಿ."

ಯಂತ್ರ ಟಕ್ ಅಂತು. ನಾನು ನಿಂತೆ. ನಿಂತೇ ಇದ್ದೆ. ಎದೆಯಲ್ಲಿ ಗಾಳಿ ಗಟ್ಟಿಯಾಗಿ ಕೂತಿತ್ತು, 'ಬಿಡ್ರಿ' ಬರಲಿಲ್ಲ. ಮೆಲ್ಲಗೆ ತಿರುಗಿ ನೋಡಿದರೆ ಗಾಜಿನ ಹಿಂದೆ ಯಾರೂ ಇಲ್ಲ. ಶಿವಯೋಗಿಯ ಬಸ್ಸು ನೆನಪಾಯಿತು. ಓಡಿಹೋಗಿ ನೋಡಿದರೆ ನೀಲಕ್ಕ ಎಲ್ಲಿಗೂ ಹೋಗಿರಲಿಲ್ಲ. ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕೆನ್ನೆ ಇಟ್ಟಿದ್ದರು, ಒಂದು ಬೆರಳು ಇನ್ನೂ ಯಂತ್ರದ ಗುಂಡಿಯ ಮೇಲೇ ಇತ್ತು. ಸೀಸದ ಅಂಗಿ ಬಿಚ್ಚಿರಲಿಲ್ಲ. ನಿದ್ದೆ. ಎಂಥ ನಿದ್ದೆ ಅಂದರೆ, ಕಲ್ಲು ಬಾವಿಗೆ ಬಿದ್ದ ಹಾಗೆ ಬಿದ್ದಿದ್ದರು.

ಎಬ್ಬಿಸಬೇಕೆಂದು ಕೈ ಎತ್ತಿದೆ. ಸುಳ್ಳು ಯಾಕೆ ಹೇಳಲಿ, ಒಳ್ಳೆಯತನ ಅವತ್ತು ನನ್ನ ಹತ್ತಿರವೂ ಸುಳಿದಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಕಟ್ಟೆ. ಕೈ ಭುಜಕ್ಕೆ ತಾಗಬೇಕು, ಅಷ್ಟರಲ್ಲಿ ನೀಲಕ್ಕ ಮಾತಾಡಿದರು. ಕಣ್ಣು ಮುಚ್ಚಿಕೊಂಡೇ.

"ಉಸಿರು ಎಳೀರಿ… ಹಿಡೀರಿ… ಮುಂದಿನವರು ಬರ್ರಿ… ಎಳೀರಿ… ಹಿಡೀರಿ…"

ಕೆನ್ನೆ, ಸಾಲಿನವರನ್ನು ಕರೆಯುವ ಮೈಕಿನ ಗುಂಡಿಯ ಮೇಲೆ ಒತ್ತಿಕೊಂಡಿತ್ತು. ಆ ಮೈಕಿನ ಸ್ಪೀಕರು ಇರುವುದು ಹೊರಗೆ, ಸಾಲಿನ ನೆತ್ತಿಯ ಮೇಲೆ. ಹೊರಗೆ ಅಲ್ಲಿಯವರೆಗೆ ಸಂತೆಯ ಗದ್ದಲ ಇತ್ತು. ಒಂದೇ ಏಟಿಗೆ ನಿಂತುಹೋಯಿತು. ನಾನು ಬಾಗಿಲು ಸಂದು ಮಾಡಿ ನೋಡಿದೆ. ಆಹಾ! ಆಸ್ಪತ್ರೆಯ ಸಾಲಿಗೆ ಸಾಲೇ ಎದೆ ಉಬ್ಬಿಸಿಕೊಂಡು, ಬಾಯಿ ಬಿಗಿದುಕೊಂಡು, ಕಣ್ಣರಳಿಸಿ ನಿಂತಿದೆ. ಬಾಸಿಂಗದ ಮದುಮಗ, ಬಾವಿಗೆ ಇಳಿಯುವವನು, ಕೈ ಮುರಿದ ಪೈಲ್ವಾನ, ಬಾಳೆಹಣ್ಣು ಅರ್ಧ ತಿಂದ ಮುದುಕಿ, ಎಲ್ಲರೂ. ಬಾಗಿಲ ಬಳಿ ಹಾರುತ್ತಿದ್ದ ನೊಣ ಕೂಡ ಗಾಳಿಯಲ್ಲೇ ನಿಂತಿತ್ತೆಂದು ನಾನು ಈಗಲೂ ಆಣೆ ಮಾಡಿ ಹೇಳುತ್ತೇನೆ.

ನೀಲಕ್ಕನ ಕಡೆ ತಿರುಗಿದೆ. 'ಹಿಡೀರಿ' ಅಂದಾಗಲೆಲ್ಲ ಅವರ ಬೆನ್ನೂ ಮೇಲೆ ಎದ್ದು ಹಾಗೇ ನಿಲ್ಲುತ್ತಿತ್ತು, ನಿಂತು ನಿಂತು ಆಮೇಲೆ ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು. ನಿದ್ದೆಯಲ್ಲೂ ಸಾಲು ಮುಗಿದಿಲ್ಲ ಇವರಿಗೆ. ನಾನು ಕೈ ಅಲ್ಲೇ ಗಾಳಿಯಲ್ಲಿಟ್ಟುಕೊಂಡು ಮನಸ್ಸಿನಲ್ಲಿ ಹರಾಜು ಶುರುಮಾಡಿದೆ. ಕಸುಬಿನ ಚಾಳಿ. ಒಂದು ಗಳಿಗೆ ಮಲಗಲಿ, ಒಂದನೇ ಸಲ. ಹೋಗಲಿ, ಇನ್ನೊಂದು ಗಳಿಗೆ, ಎರಡನೇ ಸಲ. ಮೂರನೇ ಸಲ ಅನ್ನಬೇಕು, ಅನ್ನಲಾಗಲಿಲ್ಲ. ಕೈ ಇಳಿಸಿ, ಅವರ ಕೆನ್ನೆಯ ಕೆಳಗಿನಿಂದ ಮೈಕನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರಿಸಿ, ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಆಮೇಲೆ ನಡೆದದ್ದು ನಮ್ಮೂರ ಇತಿಹಾಸದಲ್ಲೇ ದೊಡ್ಡ ಜಗಳ, ಒಂದು ಸದ್ದಿಲ್ಲದೆ. ಪೈಲ್ವಾನ ತನ್ನ ಮುರಿದ ಕೈ ತೋರಿಸಿದ. ಮದುಮಗ ಆಕಾಶ ತೋರಿಸಿದ, ಮುಹೂರ್ತ ಮೀರುತ್ತದೆಂದು. ಬಾವಿಯವನು ಮುಷ್ಟಿ ತೋರಿಸಿದ. ನಾನು ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ತಲೆ ವಾಲಿಸಿ ತೋರಿಸಿದೆ: ಮಲಗ್ಯಾರ. ಯಾರಿಗೂ ನಂಬಿಕೆ ಬರಲಿಲ್ಲ. ನೀಲಕ್ಕ ಮಲಗುತ್ತಾರೆಂದು ಯಾರು ಕೇಳಿದ್ದರು? ಬಾಳೆಹಣ್ಣಿನ ಮುದುಕಿ ನನ್ನ ಕಂಕುಳ ಕೆಳಗಿನಿಂದ ತೂರಿ ಒಳಗೆ ಇಣುಕಿದಳು. ಬಹಳ ಹೊತ್ತು ನೋಡಿದಳು. ತಿರುಗಿ ಬಂದು ಉಳಿದ ಅರ್ಧ ಬಾಳೆಹಣ್ಣನ್ನು ಮದುಮಗನ ಕೈಗೆ ಕೊಟ್ಟು, ನೆಲದ ಮೇಲೆ ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಆಕೆಯ ತೊಡೆ ದಾಟಿ ಒಳಗೆ ಹೋಗುವ ಧೈರ್ಯ ಪೈಲ್ವಾನನಿಗೂ ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಹೊತ್ತು ಏರಿತು. ಪೇಟೆಯ ಕಡೆಯಿಂದ ಗಾಡಿಗಳ ಸದ್ದು, ಚೀಲ ಇಳಿಸುವ ಸದ್ದು ಬರತೊಡಗಿತು. ಅದರ ಹಿಂದೆಯೇ ದ್ಯಾಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು.

"ಏನ್ ಮಾಡಾಕತ್ತೀ ಇಲ್ಲಿ? ಪ್ಯಾಟ್ಯಾಗ ಎಲ್ಲಾರೂ ನಿನ್ನ ದಾರಿ ಕಾಯಾಕತ್ತಾರ. ಕೊಟ್ರಪ್ಪ ಹೊಸಾ ರುಮಾಲು ಸುತ್ತಿಕೊಂಡು ಕಟ್ಟಿ ಸುತ್ತ ಮೂರು ಸುತ್ತು ಹಾಕಿದಾ. ಮಾತಾಡು! ಯಾವತ್ತೂ ಇಲ್ಲದ್ದು ಇವತ್ತ್ಯಾಕ ಬಾಯಿ ಹೊಲಕೊಂಡೀ?"

ನಾನು ಎದೆ ತೋರಿಸಿದೆ. ಕೋಣೆ ತೋರಿಸಿದೆ. ಅಂಗೈ ಕೆನ್ನೆಗಿಟ್ಟೆ. ಅವಳು ನನ್ನ ತಳ್ಳಿಕೊಂಡು ಒಳಗೆ ಹೋದಳು. ಎಬ್ಬಿಸಿಯೇ ಎಬ್ಬಿಸುತ್ತಾಳೆ, ಬಿಡುಗಡೆಯಾಯಿತು, ಪಾಪ ನನ್ನದಲ್ಲ, ಹೆಂಡತಿಯದು ಅಂತ ನಾನು ಒಳಗೊಳಗೇ ಹಿಗ್ಗಿದೆ. ಒಳಗೆ ಸದ್ದಿಲ್ಲ. ಹೊರಗೆ ಬಂದವಳ ಮುಖ ಬೇರೆಯಾಗಿತ್ತು. ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು.

"ನಿನಗೊಂದು ಹೇಳಬೇಕು. ಹೆಂಗೂ ಇವತ್ತು ನೀ ನಡುವ ಬಾಯಿ ಹಾಕಂಗಿಲ್ಲ. ಮದುವಿ ಆದಾಗಿಂದ ಇಂಥಾ ದಿನಾ ನನಗ ಸಿಕ್ಕಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮಪ್ಪನೂ ಪ್ಯಾಟ್ಯಾಗ ಚೀಲಾ ಹೊರತಿದ್ದಾ. ಅವನೂ ಹಿಂಗ ಕೆಮ್ಮತಿದ್ದಾ, ಹಿಂಗ ನಗತಿದ್ದಾ. ಯಾರೂ ಚಿತ್ರ ತಗೀಲಿಲ್ಲ. ನಿನ್ನ ಕೆಮ್ಮಿನ್ಯಾಗ ನನಗ ನಮ್ಮಪ್ಪನ ಕೆಮ್ಮು ಕೇಳಿಸ್ತದ. ಹಂಗಾಮು ಸುರು ಆದ್ರ ನೀ ಇತ್ತ ಹಾಯೂದಿಲ್ಲಂತ ಗೊತ್ತು. ಅದಕ್ಕ ನಿನ್ನೆ ನಾ ಇಲ್ಲಿಗೆ ಬಂದು ನೀಲಕ್ಕಾರ ಕೈ ಹಿಡಕೊಂಡೆ. ಅವರು ಮನೀಗೆ ಹೊಂಟು ನಿಂತಿದ್ರು. ಇವತ್ತು ಅವರಿಗೆ ರಜಾ ಇತ್ತು. ಎಷ್ಟೋ ದಿನದ ಮ್ಯಾಲ ಸಿಕ್ಕ ರಜಾ. 'ಇರ್ಲಿ ಬಿಡವ್ವಾ, ನಾಳೆ ಬಂದು ನಿಮ್ಮ ಯಜಮಾನರ ಚಿತ್ರ ಒಂದು ತಗದು ಹೋಗ್ತೀನಿ' ಅಂದ್ರು. ಬಂದಿದ್ದು ನಿನ್ನ ಸಲುವಾಗಿ. ಬಾಗಲಾ ತಗದಿದ್ದು ನೋಡಿ ಊರು ಬಂದು ಬಿದ್ದೈತಿ."

ನಾನು ಮಾತಿನ ಮಲ್ಲ. ಎದುರಾಳಿಗೆ ಉತ್ತರ ಕೊಡದೆ ಬಿಟ್ಟವನಲ್ಲ. ಅವತ್ತು ಉತ್ತರ ಇತ್ತೋ ಇಲ್ಲವೋ, ಉಸಿರಂತೂ ಬಿಡುವ ಹಾಗಿರಲಿಲ್ಲ. ಅವಳ ಮುಂಗೈ ಹಿಡಿದುಕೊಂಡೆ. ದೊಡ್ಡ ಮನುಷ್ಯನಾದ್ದರಿಂದ ಮೊದಲು ಕರೆದರಂತೆ!

"ಎಬ್ಬಸ್ಲೇನ?" ಅಂದಳು. "ಕಟ್ಟಿ ನಿನ್ನದು. ನೀ ಹೂಂ ಅಂದ್ರ ಎಬ್ಬಸ್ತೀನಿ. ಅವರೇನ ಸಿಟ್ಟು ಮಾಡಕೊಳ್ಳಂಗಿಲ್ಲ. ಎದ್ದು 'ತಪ್ಪಾತ್ರಿ' ಅಂತಾರ. ಅದ ಮತ್ತ ನನಗ ಕೆಟ್ಟ ಅನಸ್ತೈತಿ."

ನಾನು ತಲೆ ಅಡ್ಡ ಆಡಿಸಿದೆ. ಒಮ್ಮೆ ಆಡಿಸಿದ್ದು ಸಾಲದೆಂದು, ಮನಸ್ಸು ಬದಲಾದೀತೆಂದು, ಮತ್ತೆ ಮತ್ತೆ ಆಡಿಸಿದೆ.

ಆಗ ಕತ್ತಲು ಕೋಣೆಯ ದಪ್ಪ ಬಾಗಿಲು ತೆರೆಯಿತು. ಡಾಕ್ಟರ್ ಪಂಪಾಪತಿ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಾ ಹೊರಗೆ ಬಂದರು. ಗೋಡೆ ಹಿಡಿದುಕೊಂಡು ನಿಂತರು.

"ಚಿತ್ರ ಬರೂದ ನಿಂತೈತಲ್ಲ. ಯಂತ್ರ ಕೆಟ್ಟೈತೇನು?"

"ಯಂತ್ರ ಅಲ್ಲರಿ ಡಾಕ್ಟರ. ಅಕ್ಕಾರು ಮಲಗ್ಯಾರ. ಮೆಲ್ಲಕ ಮಾತಾಡ್ರಿ" ಅಂದಳು ದ್ಯಾಮವ್ವ.

"ಮಲಗ್ಯಾರ?" ಅಂದರು ಅವರು, ಎಂದೋ ಪುಸ್ತಕದಲ್ಲಿ ಓದಿ ಮರೆತ ರೋಗದ ಹೆಸರು ಕೇಳಿದವರ ಹಾಗೆ. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಎಲ್ಲರ ಎದೆಯೂ ಅಷ್ಟು ಚಂದ ಉಬ್ಬಿ ನಿಂತಿದ್ದರೂ ಅವರು ಎದೆ ನೋಡಲಿಲ್ಲ. ಒಬ್ಬೊಬ್ಬರ ಮುಖ ನೋಡಿದರು. ನನ್ನ ಮುಖ ನೋಡಿ, "ನಿಮಗ ಮೀಸಿ ಐತಲ್ರೀ!" ಅಂದರು. ಆಮೇಲೆ "ಹಂಗಾದ್ರ ನನಗೂ…" ಅಂತ ಏನೋ ಶುರುಮಾಡಿ, ಮುಗಿಸದೆ, ಒಳಗೆ ಹೋಗಿ ಎರಡು ಕುರ್ಚಿ ಎದುರುಬದುರು ಹಾಕಿಕೊಂಡು ಬಿದ್ದುಕೊಂಡರು. ಅವರ ಗೊರಕೆಗೆ ದಪ್ಪ ಬಾಗಿಲು ತಾನಾಗಿ ತೆರೆದು, ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆ ಗೊರಕೆಯ ನಡುವೆ ಪೇಟೆಯ ಗಂಟೆ ಬಾರಿಸಿತು. ಹಿಂದೆಯೇ ಕೊಟ್ರಪ್ಪನ ಇಲಿ ಗಂಟಲು: 'ಒಂದನೇ ಸಲಾ…' ಸೊಟ್ಟ, ರಾಗವಿಲ್ಲ, ತಾಳವಿಲ್ಲ. ನನ್ನ ಕಾಲು ತಾನಾಗಿ ಎದ್ದು ನಿಂತಿತು. ನನ್ನ ಮತ್ತು ಆ ಕಟ್ಟೆಯ ನಡುವೆ ಇದ್ದದ್ದು ಒಂದು ಬಾಗಿಲು, ಒಂದು ಭುಜ, ಒಂದು ಬೆರಳಿನ ತಾಗು. ಮೂರು ಮೆಣಸಿನ ಚೀಲ ಒಂದೇ ಹೆಗಲಲ್ಲಿ ಹೊತ್ತವನು ನಾನು, ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತು ಸಮೇತ ಎತ್ತಿದವನು. ಅವತ್ತು ನನ್ನ ಬಲಗೈಯನ್ನು ಕೆಳಗೆ ಹಿಡಿದಿಟ್ಟುಕೊಂಡೆನಲ್ಲ, ಅಂಥ ಭಾರ ನಾನು ಹೊತ್ತಿಲ್ಲ. 'ಎರಡನೇ ಸಲಾ…' ಅಂದ. 'ಮೂರನೇ ಸಲಾ…' ಅಂದ. ಪೇಟೆ ಹೋ ಅಂತು. ಮುದುಕಿ ನನ್ನ ಬೆನ್ನು ಸವರಿದಳು. ದ್ಯಾಮವ್ವ ಅತ್ತ ಮುಖ ತಿರುಗಿಸಿ ಅತ್ತಳು. ಕಟ್ಟೆ ಹೋಯಿತು.

ಬಿಸಿಲು ಇಳಿಮುಖವಾದಾಗ ಒಳಗೆ ಕುರ್ಚಿ ಕಿರುಗುಟ್ಟಿತು. ನೀಲಕ್ಕ ಬಾಗಿಲಿಗೆ ಬಂದರು. ಕೆನ್ನೆಯ ಮೇಲೆ ಮೈಕಿನ ಗುಂಡಿಯ ಗುಂಡಗಿನ ಗುರುತು, ತಲೆಗೂದಲು ಒಂದು ಕಡೆ ಎದ್ದಿತ್ತು. ನಮ್ಮನ್ನು ನೋಡಿದರು. ನೆಲದ ಮೇಲೆ ಕೂತ ಅಷ್ಟೂ ಉಬ್ಬಿದ ಎದೆಗಳನ್ನು ನೋಡಿದರು. ಬಾಯಿಗೆ ಕೈ ಅಡ್ಡ ಹೋಯಿತು.

"ಅಯ್ಯೋ ಶಿವನ… ಎಷ್ಟೊತ್ತಾತು? ಬಿಡ್ರಿ! ಬಿಡ್ರಿ, ಎಲ್ಲಾರೂ ಬಿಡ್ರಿ!"

ಬಿಟ್ಟೆವು. ಅದನ್ನು ಹೇಗೆ ಹೇಳಲಿ? ಊರಿನಷ್ಟು ಜನ ಮುಂಜಾನೆಯಿಂದ ಹಿಡಿದ ಉಸಿರು ಒಂದೇ ಸಲ ಹೊರಬಿತ್ತು. ಆಸ್ಪತ್ರೆಯ ಕಿಟಕಿಗಳು ಹೊರಮುಖವಾಗಿ ತೆರೆದುಕೊಂಡವು. ಮದುಮಗನ ಬಾಸಿಂಗ ಹಾರಿ ಹೋಗಿ ಅವನಿಗಿಂತ ಮುಂಚೆ ಮದುವೆಯ ಚಪ್ಪರ ತಲುಪಿತು. ಪೇಟೆ ಹುಟ್ಟಿದಾಗಿನಿಂದ ಅದರ ಮೇಲೆ ಕವಿದುಕೊಂಡಿದ್ದ ಮೆಣಸಿನ ಧೂಳು ಚದರಿ, ಆ ಸಂಜೆ ನಮ್ಮೂರ ಮಕ್ಕಳು ಆಕಾಶದ ಬಣ್ಣ ನೀಲಿ ಎಂದು ಮೊದಲ ಸಲ ನೋಡಿದರು.

ನೀಲಕ್ಕ ಮಾತ್ರ ಗೋಡೆಗೆ ಆತು ನಿಂತಿದ್ದರು. "ತಪ್ಪಾತ್ರಿ. ಕಣ್ಣು ಒಂದೀಟು ಮುಚ್ಚಿದ್ದು ಗೊತ್ತು, ಆಮ್ಯಾಗಿಂದು ಗೊತ್ತಿಲ್ಲ. ಫಕೀರಪ್ಪನವರ, ನಿಮ್ಮ ಹರಾಜು?"

"ಮುಗೀತ್ರಿ" ಅಂದೆ.

"ನನ್ನ ಎಬ್ಬಿಸಬಾರದೇನ್ರಿ? ಯಾಕ ಎಬ್ಬಿಸಲಿಲ್ಲ?" ಅಂದರು.

ಉತ್ತರ ಕೊಟ್ಟವಳು ಬಾಳೆಹಣ್ಣಿನ ಮುದುಕಿ. "ಸುಮ್ಕಿರು ತಂಗಿ. ನಮಗೂ ಕುಂದ್ರಾಕ ಯಾರು ಹೇಳಿದ್ರು ಇಷ್ಟು ದಿನಾ? ಮುಖಾ ತೊಳಕೋ ಹೋಗು. ನನ್ನ ಮೊಣಕಾಲು ನಾಳೆ ನೋಡುವಂತಿ, ಎಲ್ಲಿಗೂ ಓಡಿ ಹೋಗಂಗಿಲ್ಲ ಅದು." ಮದುಮಗನೂ ಬಾವಿಯವನೂ ನೆಲ ನೋಡುತ್ತಾ ಸದ್ದಿಲ್ಲದೆ ಜಾರಿಕೊಂಡರು. ಆಮೇಲೆ ಅಂಥ ನೆಪದವರು ಆ ಬಾಗಿಲಿಗೆ ಬರಲಿಲ್ಲ. ಮುರಿದ ಕೈಯ ಪೈಲ್ವಾನ ಒಬ್ಬ ಉಳಿದ. ಅವನ ಚಿತ್ರ ಒಂದು ತೆಗೆದು, ನೀಲಕ್ಕ ಸೀಸದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

ಅಷ್ಟರಲ್ಲಿ ಡಾಕ್ಟರ್ ಪಂಪಾಪತಿ ಎದ್ದಿದ್ದರು. ಅವರ ಪರದೆಯ ಮೇಲೆ ಮುಂಜಾನೆಯಿಂದ ಓದದೆ ಉಳಿದಿದ್ದ ಚಿತ್ರ ಒಂದೇ, ನನ್ನದು. ನನ್ನನ್ನೂ ದ್ಯಾಮವ್ವನನ್ನೂ ಒಳಗೆ ಕರೆದು ಕೂರಿಸಿದರು. ಅಷ್ಟು ದೊಡ್ಡ ನನ್ನ ಎದೆ, ಮೋಡದ ಮೇಲೆ ಮೋಡ, ನಡುವೆ ಪಕ್ಕೆಲುಬುಗಳು ಹೊಸ ತೊಲೆಗಳ ಹಾಗೆ. ನಾನು ಹೆಮ್ಮೆಯಿಂದ ನೋಡುತ್ತಿದ್ದರೆ ಅವರು ಮೇಲುಗಡೆ ಒಂದು ಮೂಲೆಗೆ ಬೆರಳಿಟ್ಟರು. ಅಲ್ಲಿ ಒಂದು ಚುಕ್ಕೆ. ಮೆಣಸಿನ ಬೀಜದಷ್ಟು.

"ರೋಗ ಸುರುವಿನ್ಯಾಗ ಸಿಕ್ಕೈತಿ. ತಿಂಗಳುಗಟ್ಟಲೆ ಗುಳಿಗಿ ನುಂಗಬೇಕು, ತಪ್ಪಸಬಾರದು, ವಾಸಿ ಆಗ್ತೈತಿ. ಧೂಳಿನ್ಯಾಗ ಮಾತ್ರ ಹೆಜ್ಜಿ ಇಡಂಗಿಲ್ಲ" ಅಂದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಖರೇ ಹೇಳ್ತೀನಿ ಫಕೀರಪ್ಪನವರ. ಮುಂಜಾನೆ ನಿಮ್ಮ ಚಿತ್ರ ನನ್ನ ಮುಂದ ಬಂದಿತ್ತು. ಒಂದ್ಸಲ ನೋಡಿ ಏನೂ ಇಲ್ಲ ಅಂತ ದಾಟಸಾಕ ನಿಂತಿದ್ದೆ. ಮುಂದಿನ ಚಿತ್ರ ಬರಲಿಲ್ಲ, ಅದಕ್ಕ ಇದು ಉಳೀತು. ಮಲಗಿ ಎದ್ದ ಕಣ್ಣಿಗೆ ಕಾಣಸ್ತು."

ದ್ಯಾಮವ್ವ ಎದ್ದು ಅವರ ಕಾಲು ಮುಟ್ಟಲು ಹೋದಳು. ಅವರು ಕಾಲು ಹಿಂದಕ್ಕೆಳೆದುಕೊಂಡು ಪಕ್ಕದ ಕೋಣೆಯ ಕಡೆ ಕೈ ತೋರಿಸಿದರು. ನಾವು ಹೋಗಿ ನೋಡಿದರೆ ಬಾಗಿಲಿಗೆ ಬೀಗ. ನೀಲಕ್ಕ ಮನೆಗೆ ಹೋಗಿದ್ದರು.

ಕೊಟ್ರಪ್ಪನನ್ನು ನಾನು ದಾರಿಯುದ್ದಕ್ಕೂ ಬೈಯುತ್ತಾ ಬಂದದ್ದು ನಿಜ. ಅವನು ಕಸಿದ ಕಟ್ಟೆಯಿಂದ ಹೇಗೂ ನಾನು ಆ ಸಂಜೆಯೇ ಇಳಿಯಬೇಕಿತ್ತು ಅನ್ನುವುದೂ ನಿಜ. ಎರಡೂ ಒಟ್ಟಿಗೆ ನಿಜವಾಗಿದ್ದವು, ನಾನೇನು ಮಾಡಲಿ? ಮರುದಿನದಿಂದ ಆಸ್ಪತ್ರೆಯ ಸಾಲು ಹೊಸ ರಿವಾಜು ಹಿಡಿಯಿತು. ಬಾಗಿಲಿಗೆ ಬಂದವರು ಮೊದಲು ಕೇಳುವ ಮಾತು, 'ಅಕ್ಕಾರು ಉಂಡಾರೇನು? ಮಲಗಿದ್ರೇನು?' ಇಲ್ಲ ಅಂದರೆ ಸಾಲು ಕೂರುತ್ತದೆ, ಯಾರು ಕರೆದರೂ ಒಳಗೆ ಹೋಗುವುದಿಲ್ಲ. ಮೇಲಿನವರು ಬಂದು ಕೂಗಾಡಿದರು. ಕೂಗಾಟದಲ್ಲಿ ನನ್ನ ಮುಂದೆ ಅವರೆಲ್ಲಿ? ಚಿತ್ರಗಳು ಕಡಿಮೆಯಾದಾಗ ಅವರಿಗೂ ಲೆಕ್ಕ ತಿಳಿಯಿತು. ಹೊಸಬರು ಇಬ್ಬರು ಬಂದರು. ಜೇನಿನ ಶಿವಯೋಗಿಯನ್ನೂ ಕರೆತಂದರು. ಬಂದವನೇ ಮೊದಲು ತಹಶೀಲ್ದಾರರ ಮನೆಗೆ 'ತಪ್ಪಾತ್ರಿ' ಅಂತ ಒಂದು ಡಬ್ಬಿ ಜೇನು ಕೊಟ್ಟು ಬಂದ.

ನಾನು ಗುಳಿಗೆ ನುಂಗಿದೆ. ನನ್ನಷ್ಟು ಗುಳಿಗೆ ಯಾವ ಆನೆಯೂ ನುಂಗಿಲ್ಲ. ಮುಂದಿನ ಹಂಗಾಮಿನ ಹೊತ್ತಿಗೆ ಚುಕ್ಕೆ ಕರಗಿತೆಂದು ಡಾಕ್ಟರು, ನನ್ನ ಮುಖ ನೋಡಿಯೇ, ಹೇಳಿದರು. ದ್ಯಾಮವ್ವ ಶೇಂಗಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿಕೊಟ್ಟಳು. ನೀಲಕ್ಕನಿಗೆ ಹೇಳಲು ನಾನು ದಾರಿಯಲ್ಲಿ ಮಾತು ಸಿದ್ಧ ಮಾಡಿಕೊಂಡೆ. ಎಂಥ ಮಾತು! ಕಟ್ಟೆ ಹತ್ತಿ ಆಡಿದ್ದರೆ ಹೊಳೆ ನಿಂತು ಕೇಳುತ್ತಿತ್ತು. ನಮ್ಮ ಮಾವನ ಕೆಮ್ಮಿನಿಂದ ಶುರುಮಾಡಿ ಅವರ ಕಳೆದುಹೋದ ರಜೆಯ ತನಕ ಎಲ್ಲ ಅದರಲ್ಲಿತ್ತು. ಕೋಣೆಯೊಳಗೆ ಹೋದೆ. ನೀಲಕ್ಕ ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದೆ. ಎದೆ ತುಂಬಿಕೊಂಡು, ಬಾಯಿ ಬಿಗಿದುಕೊಂಡು, ಡಬ್ಬಿ ಹಿಡಿದು ನಿಂತೆ.

"ಯಾಕ್ರೀ ಫಕೀರಪ್ಪನವರ," ಅಂದರು ನೀಲಕ್ಕ, ಕೈ ಒರೆಸಿಕೊಳ್ಳುತ್ತಾ. "ನಾ ಇನ್ನೂ ಹಿಡೀರಿ ಅಂದಿಲ್ಲಲ್ಲ?"

ನಾನು ಡಬ್ಬಿ ಮುಂದೆ ಮಾಡಿದೆ. ಅವರು ಮುಚ್ಚಳ ತೆಗೆದು ಒಂದು ಹೋಳಿಗೆ ಮುರಿದು ಅರ್ಧ ನನ್ನ ಕೈಗಿಟ್ಟರು. ಹೊರಗೆ ಸಾಲು ಕಾಯುತ್ತಿತ್ತು. ಕಾಯಲಿ ಎಂದು ಇಬ್ಬರೂ ನಿಂತುಕೊಂಡೇ ತಿಂದೆವು.